ಕಾಯಕದ ಮನೆ ಹೇಗಿರಬೇಕು?

2017–18ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ನಮ್ಮ ಗುಳೇದಗುಡ್ಡವೂ ಒಂದು. ಇಳಕಲ್ಲ, ರಬಕವಿ–ಬನಹಟ್ಟಿಗಳೂ ಅದೇ ಸಾಲಿನವು. ತಾಲ್ಲೂಕಾದ ಊರಿಗೆ ಕಚೇರಿಗಳು ಬೇಕು, ಕಚೇರಿಗಳಿಗೆ ಕಟ್ಟಡಗಳು ಬೇಕು. ಭಕ್ತರು ಸೇರಿದಲ್ಲೆಲ್ಲ ಕಟ್ಟಡ ಎಲ್ಲಿ ಬರಬೇಕು, ಅನುದಾನ ಎಷ್ಟು ಬರಬೇಕು ಎಂಬ ಮಾತು ನಮ್ಮ ಕಿವಿಗೆ ಬೀಳುತ್ತದೆ. ಅದು ಹೇಗಿರಬೇಕು ಎಂದು ಕೇಳುವವರು ಮಾತ್ರ ವಿರಳ. ಒಮ್ಮೆ ಕಟ್ಟಿದ ಕಚೇರಿ ಎರಡು ತಲೆಮಾರು ನಿಲ್ಲುತ್ತದೆ. ಅಷ್ಟೂ ಕಾಲ ಅದರ ವಿದ್ಯುತ್ತಿನ ಬಿಲ್ಲು, ನೀರಿನ ಖರ್ಚು ಸಲ್ಲಬೇಕಾದದ್ದು ಜನರ ತೆರಿಗೆಯಿಂದಲೇ. ಆದ್ದರಿಂದ ಇದು ಅಡಿಗಲ್ಲು ಇಡುವ ಮೊದಲೇ ವಿಚಾರಿಸಬೇಕಾದ ಸಂಗತಿ.

ಪರರಿಗೆ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಶ್ರೀಮಠದ ಹಳೆಯ ಕಲ್ಲಿನ ಪಡಸಾಲೆಯಲ್ಲಿ ಚೈತ್ರ–ವೈಶಾಖದ ಮಧ್ಯಾಹ್ನವೂ ಕುಳಿತು ಲೆಕ್ಕಪತ್ರ ಬರೆಯಬಹುದು. ಅದಕ್ಕೆ ತಾಗಿದಂತೆ ನಾವೇ ಮುಂದೆ ನಿಂತು ಕಟ್ಟಿಸಿದ ಹೊಸ ಕಾರ್ಯಾಲಯಕ್ಕೆ ಪಶ್ಚಿಮದ ಕಡೆ ದೊಡ್ಡ ಗಾಜಿನ ಕಿಟಕಿಗಳು, ತೆಳುವಾದ ಗೋಡೆ, ಮೇಲೆ ಬೋಳು ಕಾಂಕ್ರೀಟು. ಮಧ್ಯಾಹ್ನ ಮೂರರ ನಂತರ ಅಲ್ಲಿ ಎರಡು ಕೂಲರುಗಳಿದ್ದರೂ ಕೂರಲಾಗದು. ಹಣ ಹೆಚ್ಚು ಹೋಯಿತು, ತಂಪು ಕಡಿಮೆಯಾಯಿತು. ಅಂದಕ್ಕೆ ಮರುಳಾಗಿ ಬಿಸಿಲನ್ನು ಮರೆತದ್ದೇ ಕಾರಣ.

ನಮ್ಮ ಊರಿನ ಮೊದಲ ಕಾಯಕದ ಕಟ್ಟಡವೆಂದರೆ ಖಣ ನೇಯುವ ನೇಕಾರರ ಮನೆ. ಕುಣಿಮಗ್ಗದ ತಗ್ಗಿನ ತೇವ ನೂಲು ಹರಿಯದಂತೆ ಕಾಯುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ನೇರವಾಗಿ ಬೆಳಕು ಇಳಿಯುತ್ತಿತ್ತು, ಅಲ್ಲಿಂದಲೇ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ದಪ್ಪನೆಯ ಕಲ್ಲುಗೋಡೆ ಹಗಲಿನ ಕಾವನ್ನು ಸಂಜೆಯವರೆಗೆ ತಡೆಯುತ್ತಿತ್ತು. ಹಾಗೆಂದು ಆ ಮನೆಗಳು ಕುಂದಿಲ್ಲದವೆಂದು ಹೇಳಲಾಗದು. ಮಣ್ಣಿನ ಮಾಳಿಗೆ ಸೋರುತ್ತದೆ. ಮಳೆಗಾಲಕ್ಕೆ ಮೊದಲು ಮಣ್ಣು ಹಾಕಿ ಬಡಿಯಬೇಕು. ಅದನ್ನೇ ಮರಳಿ ಕಟ್ಟಿರೆಂದು ನಾವು ಕೇಳುತ್ತಿಲ್ಲ. ಅದರ ಹಿಂದಿನ ವಿವೇಕವನ್ನು ಇಂದಿನ ಕಚೇರಿಗೆ ತನ್ನಿರೆಂಬುದಷ್ಟೇ ನಮ್ಮ ಮಾತು.

ಹಾಗೆ ತರಬಹುದೆಂಬುದಕ್ಕೆ ನಿದರ್ಶನ ನಮ್ಮ ರಾಜಧಾನಿಯಲ್ಲಿಯೇ ಇದೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಎಂದು ಹೆಸರಾದ ಇಂಧನ ಸಂಶೋಧನಾ ಸಂಸ್ಥೆಯ ಕಚೇರಿಯಿದೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅದನ್ನು ಎರಡು ದಶಕಗಳ ಹಿಂದೆ ರೂಪಿಸಿದರು. ನಿವೇಶನದ ಪಕ್ಕದಲ್ಲಿ ಕೊಳಚೆ ಕಾಲುವೆ. ದಕ್ಷಿಣದಿಂದ ಬೀಸುವ ಗಾಳಿ ಅದರ ದುರ್ವಾಸನೆಯನ್ನು ಹೊತ್ತು ತರುತ್ತಿತ್ತು. ಅವರು ದಕ್ಷಿಣದ ಗೋಡೆಯನ್ನು ಮುಚ್ಚಿ, ಉತ್ತರದ ಕಡೆ ಕಟ್ಟಡವನ್ನು ತೆರೆದಿಟ್ಟರು. ಮುಚ್ಚಿದ ಗೋಡೆಗೆ ಎರಡು ಪದರ, ನಡುವೆ ಟೊಳ್ಳು, ಹೊರಮೈಗೆ ಕರಿಯ ಕಡಪ ಕಲ್ಲು. ಬಿಸಿಲಿಗೆ ಕಲ್ಲು ಕಾದಾಗ ಟೊಳ್ಳಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ. ಆ ಸೆಳೆತಕ್ಕೆ ಉತ್ತರದ ಶುದ್ಧ ಗಾಳಿ ಕಚೇರಿಯೊಳಗೆ ಹಾಯ್ದು ಬರುತ್ತದೆ. ಸೂರ್ಯನ ಶಾಖದಿಂದಲೇ ತಂಪನ್ನು ಪಡೆದ ಜಾಣ್ಮೆ ಅದು. ಬೆಳಕಿಂಡಿಯ ತತ್ತ್ವವೂ ಇದೇ ತಾನೆ?

ಯಂತ್ರವಿಲ್ಲದೆ ಆಗದ ದೊಡ್ಡ ಕಚೇರಿಗಳಿಗೂ ಪಾಠವಿದೆ. ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ತನ್ನ ಒಂದು ಕಟ್ಟಡವನ್ನು ಎರಡು ಸಮಭಾಗ ಮಾಡಿತು. ಒಂದು ಭಾಗಕ್ಕೆ ರೂಢಿಯ ಹವಾನಿಯಂತ್ರಣ; ಇನ್ನೊಂದರಲ್ಲಿ ಛಾವಣಿಯೊಳಗಿನ ಕೊಳವೆಗಳಲ್ಲಿ ತಂಪು ನೀರು ಹರಿಸಿ ಕೋಣೆಯನ್ನು ತಂಪುಗೊಳಿಸುವ ವಿಧಾನ. ಎರಡನ್ನೂ ಅಳೆದಾಗ ನೀರಿನ ವಿಧಾನಕ್ಕೆ ತಂಪುಗೊಳಿಸುವ ವಿದ್ಯುತ್ತು ಸುಮಾರು ಮೂರನೇ ಒಂದರಷ್ಟು ಕಡಿಮೆ ಸಾಕಾಯಿತು. ಈ ಪ್ರಯೋಗದಲ್ಲಿ ನಮಗೆ ಹಿಡಿಸಿದ್ದು ಅದರ ಪ್ರಾಮಾಣಿಕತೆ. ಮಾತಿನಿಂದ ಹಸಿರೆನಿಸಿಕೊಳ್ಳದೆ ಅವರು ಮೀಟರನ್ನು ಸಾಕ್ಷಿಯಾಗಿ ನಿಲ್ಲಿಸಿದರು.

ಕಾನೂನು ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೆ ಎಂದು ಕೆಲವರು ಕೇಳಬಹುದು. ಕೇಂದ್ರ ಸರ್ಕಾರ 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯನ್ನು ಪ್ರಕಟಿಸಿತು. ಆದರೆ ಅದರ ಗುರಿ 100 ಕಿಲೋವ್ಯಾಟ್ ಹಾಗೂ ಅದಕ್ಕೂ ಮಿಗಿಲಾದ ವಿದ್ಯುತ್ ಹೊರೆಯ ದೊಡ್ಡ ಕಟ್ಟಡಗಳು. ಸಣ್ಣ ಊರಿನ ಕಚೇರಿ ಅದಕ್ಕಿಂತ ಕೆಳಗೇ ಉಳಿಯಬಹುದು. ಕಾನೂನು ಮುಟ್ಟದ ಕಡೆ ವಿವೇಕವೇ ಮುಟ್ಟಬೇಕು.

ನಮ್ಮ ಊರಿನ ಕಟ್ಟಡಕ್ಕೆ ನಾವು ಕೇಳಬೇಕಾದದ್ದು ದುಬಾರಿಯದೇನಲ್ಲ. ಕಟ್ಟಡದ ಉದ್ದನೆಯ ಮೈ ಉತ್ತರ–ದಕ್ಷಿಣಕ್ಕೆ ಮುಖಮಾಡಲಿ; ಪೂರ್ವ–ಪಶ್ಚಿಮದ ಗೋಡೆಗಳಲ್ಲಿ ಕಿಟಕಿ ಕಡಿಮೆಯಿರಲಿ, ಇದ್ದವಕ್ಕೆ ನೆರಳಿರಲಿ. ಅತಿ ಹೆಚ್ಚು ಬಿಸಿಲು ಹೊರುವುದು ಛಾವಣಿ. ಅದಕ್ಕೆ ಬಿಳಿಯ ಲೇಪನವಾದರೂ ಇರಲಿ. ಕಲ್ಲು ಸುತ್ತಲಿನ ಗುಡ್ಡಗಳ ನಾಡಿನದೇ ಆಗಲಿ. ಸಾಗಣೆಯ ಡೀಸೆಲ್ಲು ಉಳಿಯುತ್ತದೆ, ನಮ್ಮ ಕಲ್ಲುಕುಟಿಗರಿಗೆ ಕಾಯಕ ಸಿಗುತ್ತದೆ. ಮಳೆನೀರಿನ ಲೆಕ್ಕವನ್ನಂತೂ ಯಾರೂ ಮಾಡಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಎಂದುಕೊಂಡರೂ 1000 ಚದರ ಮೀಟರಿನ ಛಾವಣಿಯ ಮೇಲೆ 5 ಲಕ್ಷ ಲೀಟರ್ ಬೀಳುತ್ತದೆ. ಐದನೇ ಒಂದು ಪಾಲು ನಷ್ಟವಾದರೂ 4 ಲಕ್ಷ ಲೀಟರ್ ಉಳಿಯಿತು. ಹವಾನಿಯಂತ್ರಣ ಹಾಕಲೇಬೇಕಾದ ಕೋಣೆಯಲ್ಲಿ ಅದನ್ನು 24 ಡಿಗ್ರಿಗಿಂತ ಇಳಿಸದಿರಲಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು 6 ಪ್ರತಿಶತ ವಿದ್ಯುತ್ತು ಉಳಿಯುತ್ತದೆ.

ಬಾಗಿಲು ಯಾವ ದಿಕ್ಕಿಗೆ, ಮೂಲೆ ಯಾವುದಕ್ಕೆ ಎಂದು ಶಾಸ್ತ್ರ ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಶುಭದಿನ, ಶುಭಲಗ್ನಗಳ ಭಯವನ್ನು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಬಿಡಿಸಿದರು. ದಿಕ್ಕಿನ ವಿಚಾರ ಬೇಕು. ಆದರೆ ಅದು ಬಿಸಿಲು–ಗಾಳಿಗಳ ವಿಚಾರವಾಗಿರಲಿ.

ಪ್ರಸಾದವನ್ನು ತಟ್ಟೆಯಲ್ಲಿ ಬಿಡದವನು ಭಕ್ತ. ಬೆಳಕು, ನೀರು, ಗಾಳಿಗಳೂ ಪ್ರಸಾದವೇ ಎಂದು ನಂಬಿದವನು ಅವುಗಳನ್ನು ಚೆಲ್ಲುವ ಕಟ್ಟಡಕ್ಕೆ ಹೇಗೆ ಒಪ್ಪಿಗೆ ಕೊಟ್ಟಾನು? ಸರತಿಯಲ್ಲಿ ನಿಂತ ವೃದ್ಧೆಗೆ ನೆರಳು, ಗುಮಾಸ್ತನ ಮೇಜಿಗೆ ಬೆಳಕು, ಮುಂದಿನ ಪೀಳಿಗೆಗೆ ಕಡಿಮೆ ಸಾಲ: ಕಚೇರಿಯೊಂದು ಮಾಡಬಹುದಾದ ದಾಸೋಹ ಇದು. ಶ್ರೀಮಠದ ಕಾರ್ಯಾಲಯದ ಪಶ್ಚಿಮದ ಕಿಟಕಿಗಳಿಗೆ ಈ ಬೇಸಿಗೆಯೊಳಗೆ ನೆರಳು ಕಟ್ಟಿಸಲು ನಿಶ್ಚಯಿಸಿದ್ದೇವೆ. ಸದ್ಭಕ್ತರಲ್ಲಿ ಗುತ್ತಿಗೆದಾರರು, ಎಂಜಿನಿಯರುಗಳು, ಪುರಸಭೆಯ ಸದಸ್ಯರೂ ಇದ್ದೀರಿ. ನಕ್ಷೆ ನಿಮ್ಮ ಮುಂದೆ ಬಂದಾಗ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ವೈಶಾಖದ ಮಧ್ಯಾಹ್ನ, ಕರೆಂಟು ಹೋದ ಹೊತ್ತಿನಲ್ಲಿ, ಇದರೊಳಗೆ ಕಾಯಕ ನಡೆದೀತೆ?