ಇತಿಹಾಸದ ಎಂ.ಎ. ಎಲ್ಲಿ ಓದಿಸಬೇಕು?

ಬಿ.ಎ. ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲದಲ್ಲಿ ನಮಗೆ ಬರುವ ಪತ್ರಗಳಲ್ಲಿ ಮಕ್ಕಳ ಮುಂದಿನ ವ್ಯಾಸಂಗವನ್ನು ಕುರಿತವೇ ಹೆಚ್ಚು. ಈ ಸಲ ಬಂದವುಗಳಲ್ಲಿ ಹಾವೇರಿ ಜಿಲ್ಲೆಯ ಗೃಹಸ್ಥರೊಬ್ಬರ ಪತ್ರವನ್ನು ಎತ್ತಿಕೊಂಡು ನಾಲ್ಕು ಮಾತು ಬರೆಯಬೇಕೆಂದು ತೋರಿತು. ಅವರ ಸಂದೇಹವೇ ಇನ್ನೂ ಅನೇಕ ಮನೆಗಳ ಸಂದೇಹವೂ ಆಗಿದೆ.

ಅವರ ಮಗಳು ಇತಿಹಾಸವನ್ನು ತೆಗೆದುಕೊಂಡು ಬಿ.ಎ.ಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾಳೆ; ಎಂ.ಎ. ಓದಲೇಬೇಕೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾನಿಲಯವೊಂದರ ವಿವರಣಪತ್ರವು ಮನೆಗೆ ಬಂದಿದೆ. ಅಲ್ಲಿಯ ಶುಲ್ಕವನ್ನು ಕಟ್ಟಬೇಕಾದರೆ ಎರಡು ಎಕರೆ ಹೊಲವನ್ನು ಅಡವು ಇಡಬೇಕಾಗುವುದು. ಬಂಧುಗಳಾದರೋ, ರಾಜರ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕೆ ಹೊಲವೇಕೆ ಹೋಗಬೇಕೆಂದು ಕೇಳುತ್ತಿದ್ದಾರೆ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ವಿದ್ಯೆ ಸಿಕ್ಕುವ ಸ್ಥಳವಿದೆಯೆ, ಅಥವಾ ಈ ಯೋಚನೆಯನ್ನೇ ಬಿಡಬೇಕೆ ಎಂಬುದು ಅವರ ಪ್ರಶ್ನೆ.

ಬಿಡಬೇಕಾದುದು ಹೊಲವನ್ನು ಅಡವಿಡುವ ಯೋಚನೆಯನ್ನು, ವ್ಯಾಸಂಗದ ಯೋಚನೆಯನ್ನಲ್ಲ. ಇದಕ್ಕೆ ಕಾರಣವನ್ನು ಹೇಳುವೆವು. ವೈದ್ಯ, ಎಂಜಿನಿಯರಿಂಗ್ ಮೊದಲಾದ ವಿದ್ಯೆಗಳಿಗೆ ಬೆಲೆಬಾಳುವ ಯಂತ್ರಗಳೂ ಪ್ರಯೋಗಶಾಲೆಗಳೂ ಬೇಕು. ಇತಿಹಾಸಕ್ಕೆ ಬೇಕಾದುದು ಗ್ರಂಥಭಂಡಾರ, ಶಾಸನಗಳು, ದಫ್ತರಗಳು, ಮತ್ತು ಇವುಗಳನ್ನು ಓದಿಸಬಲ್ಲ ಗುರುಗಳು. ನಮ್ಮ ದೇಶದಲ್ಲಿ ಇವೆಲ್ಲ ಬಹುಮಟ್ಟಿಗೆ ಸರಕಾರದ ವಿದ್ಯಾಸಂಸ್ಥೆಗಳಲ್ಲಿಯೇ ಕೂಡಿಬಂದಿವೆ. ಆದಕಾರಣ ಈ ಒಂದು ವಿಷಯದಲ್ಲಿ ಹೆಚ್ಚು ಹಣ ಕೊಟ್ಟವರಿಗೆ ಹೆಚ್ಚು ವಿದ್ಯೆ ದೊರೆಯುವುದೆಂಬ ನಿಯಮವಿಲ್ಲ. ಖಾಸಗಿ ಸಂಸ್ಥೆಗಳಲ್ಲಿ ಒಳ್ಳೆಯ ಅಧ್ಯಾಪಕರು ಇಲ್ಲವೆಂದು ನಾವು ಹೇಳುವುದಿಲ್ಲ. ಸಾಲ ಮಾಡಿ ಅಲ್ಲಿಗೆ ಹೋಗುವಷ್ಟು ಅಂತರವಿಲ್ಲವೆಂದಷ್ಟೇ ನಮ್ಮ ಅಭಿಪ್ರಾಯ.

ಹಾಗಾದರೆ ಯಾವ ವಿಶ್ವವಿದ್ಯಾನಿಲಯ? ಇದಕ್ಕೆ ಮೊದಲು ಹುಡುಗಿಯನ್ನೇ ಒಂದು ಮಾತು ಕೇಳಬೇಕು: ಯಾವ ಇತಿಹಾಸದಲ್ಲಿ ಅವಳಿಗೆ ಆಸಕ್ತಿ? ಈ ಪ್ರಶ್ನೆಯನ್ನು ತಂದೆತಾಯಿಗಳು ಸಾಧಾರಣವಾಗಿ ಕೇಳುವುದೇ ಇಲ್ಲ. ಆದರೆ ಸ್ಥಳದ ಆಯ್ಕೆಯೆಲ್ಲ ಇದರ ಮೇಲೆಯೇ ನಿಂತಿದೆ.

ಶಾಸನಗಳಲ್ಲಿಯೂ ಪ್ರಾಚೀನ ಕರ್ನಾಟಕದಲ್ಲಿಯೂ ಮನಸ್ಸುಳ್ಳವರಿಗೆ ಮೈಸೂರಿನಂಥ ಊರು ಸಿಕ್ಕುವುದು ಕಷ್ಟ. ಅಲ್ಲಿಯ ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಅದಕ್ಕಿಂತ ಮೊದಲೇ, 1891ರಲ್ಲಿ, ಅಲ್ಲಿಯ ಪ್ರಾಚ್ಯ ಪುಸ್ತಕ ಭಂಡಾರವು ಹುಟ್ಟಿತ್ತು. ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದುದು ಇದೇ ಭಂಡಾರದಿಂದ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ಶಾಖೆಯ ಕೇಂದ್ರವೂ ಮೈಸೂರಿನಲ್ಲಿಯೇ ಇದೆ. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವರು ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಆಗಿದ್ದರು. ಕಲ್ಲನ್ನು ಓದುವವರೇ ತರಗತಿಯಲ್ಲಿ ಪಾಠ ಹೇಳುವ ಈ ಸಂಪ್ರದಾಯವೇ ಒಂದು ಊರಿನ ನಿಜವಾದ ಹಿರಿಮೆ. ಅದು ಇಂದಿಗೂ ಎಷ್ಟು ಉಳಿದಿದೆಯೆಂಬುದನ್ನು ಮಾತ್ರ ಹೋಗಿ ವಿಚಾರಿಸಿಯೇ ತಿಳಿಯಬೇಕು.

ನಮ್ಮ ಪತ್ರಲೇಖಕರ ಮನೆಗೆ ಧಾರವಾಡವು ಹತ್ತಿರ. ಅಲ್ಲಿ ಕನ್ನಡ ಸಂಶೋಧನ ಸಂಸ್ಥೆಯು 1939ರಿಂದಲೂ ಕರ್ನಾಟಕ ವಿಶ್ವವಿದ್ಯಾನಿಲಯವು 1949ರಿಂದಲೂ ಇವೆ. ಚಾಲುಕ್ಯ, ರಾಷ್ಟ್ರಕೂಟರ ನೆಲವು ಅಲ್ಲಿಂದ ಬಸ್ಸಿನ ದಾರಿ. ಭಾನುವಾರ ಹೊರಟು ಪಟ್ಟದಕಲ್ಲನ್ನು ಕಂಡು ಬರಬಹುದಾದ ವಿದ್ಯಾರ್ಥಿಗೂ ಅದನ್ನು ಚಿತ್ರದಲ್ಲಿ ಮಾತ್ರ ಕಂಡ ವಿದ್ಯಾರ್ಥಿಗೂ ಬಹಳ ಅಂತರವುಂಟು.

ಕಳೆದ ಎರಡು ಮೂರು ಶತಮಾನಗಳ ಕಡೆಗೆ ಮನಸ್ಸಿದ್ದರೆ ಲೆಕ್ಕವು ಬೇರೆಯಾಗುತ್ತದೆ. 1956ಕ್ಕೆ ಮುಂಚೆ ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದುಹೋಗಿದ್ದುದರಿಂದ ಅದರ ಕಾಗದಪತ್ರಗಳೂ ಹಾಗೆಯೇ ಚದುರಿಹೋಗಿವೆ. ಧಾರವಾಡ, ವಿಜಯಪುರಗಳಿಗೆ ಸಂಬಂಧಿಸಿದ ಆಂಗ್ಲರ ಕಾಲದ ಮೇಲಧಿಕಾರಿಗಳ ದಫ್ತರಗಳನ್ನು ಮುಂಬಯಿಯಲ್ಲಿಯೂ, ಮಂಗಳೂರು, ಬಳ್ಳಾರಿಗಳವನ್ನು ಚೆನ್ನೈಯಲ್ಲಿಯೂ, ಕಲಬುರಗಿ, ಬೀದರ, ರಾಯಚೂರುಗಳವನ್ನು ಹೈದರಾಬಾದಿನಲ್ಲಿಯೂ ಹುಡುಕಬೇಕು. ಹಳೆಯ ಮೈಸೂರು ಸಂಸ್ಥಾನದವು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಪೇಶವೆಯವರ ಕಾಲದ ಕಾಗದಗಳಿಗೆ ಪುಣೆಯೂ ಮೋಡಿ ಲಿಪಿಯೂ ಬೇಕು; ಆದಿಲಶಾಹಿಗೆ ಪಾರಸಿ ಬೇಕು. ನಿಜಾಮರ ಆಳ್ವಿಕೆಯ ಕಾಲದ ಕಲ್ಯಾಣ ಕರ್ನಾಟಕವನ್ನು ಓದಬಯಸುವವರು ಹೈದರಾಬಾದ್ ವಿಶ್ವವಿದ್ಯಾನಿಲಯವನ್ನು ಯೋಚಿಸಿದರೆ ಅದು ದೂರದ ಆಸೆಯೆನ್ನಲಾಗದು. ಅದು ಕೇಂದ್ರ ಸರಕಾರದ್ದಾದುದರಿಂದ ಶುಲ್ಕವೂ ಭಾರವಲ್ಲ.

ಕೇಂದ್ರ ವಿಶ್ವವಿದ್ಯಾನಿಲಯಗಳ ಮಾತು ಬಂದುದರಿಂದ ಒಂದು ಎಚ್ಚರಿಕೆ. ದಿಲ್ಲಿಯ ಜವಾಹರಲಾಲ ನೆಹರೂ ವಿಶ್ವವಿದ್ಯಾನಿಲಯ, ದಿಲ್ಲಿ ವಿಶ್ವವಿದ್ಯಾನಿಲಯ, ಹೈದರಾಬಾದು, ನಮ್ಮ ಕಲಬುರಗಿಯ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯ, ಇವುಗಳಿಗೆ ಸೇರಲು ಸಿ.ಯು.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಕೂಡಬೇಕು. ಸ್ನಾತಕೋತ್ತರ ತರಗತಿಗಳಿಗೆ ಈ ಪರೀಕ್ಷೆಯು 2022ರಲ್ಲಿ ಆರಂಭವಾಯಿತು. ಈಚಿನ ವರ್ಷಗಳಲ್ಲಿ ಅದರ ಅರ್ಜಿಯ ಅವಧಿಯು ಚಳಿಗಾಲದಲ್ಲಿಯೇ ಮುಗಿದುಹೋಗುತ್ತಿದೆ. ಬಿ.ಎ. ಫಲಿತಾಂಶ ಬಂದ ಮೇಲೆ ನೋಡೋಣವೆಂದು ಕುಳಿತವರಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಅಲ್ಲಿಯ ಪಾಠಗಳು ಇಂಗ್ಲಿಷಿನಲ್ಲಿ ನಡೆಯುವುದನ್ನೂ ಮರೆಯಬಾರದು. ನಮ್ಮ ರಾಜ್ಯದ ಹಲವು ವಿಶ್ವವಿದ್ಯಾನಿಲಯಗಳಲ್ಲಿಯಾದರೆ ಇತಿಹಾಸದ ಉತ್ತರಗಳನ್ನು ಕನ್ನಡದಲ್ಲಿ ಬರೆಯುವ ಅವಕಾಶವಿದೆ. ಇದನ್ನು ಕೀಳೆಂದು ಎಣಿಸುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಆದರೆ ಕನ್ನಡದಲ್ಲಿ ಬರೆಯುವವರೂ ಇಂಗ್ಲಿಷ್ ಗ್ರಂಥಗಳನ್ನು ಓದುವ ಅಭ್ಯಾಸವನ್ನು ಮಾಡಿಕೊಳ್ಳಲೇಬೇಕು.

ಇನ್ನು ಖರ್ಚಿನ ವಿಷಯ. ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಊಟವಸತಿಗೆ ತಗಲುವ ಹಣವೇ ಶುಲ್ಕಕ್ಕಿಂತ ಹೆಚ್ಚಾಗುವುದುಂಟು. ಆದ್ದರಿಂದ ಶುಲ್ಕದ ಅಂಕಿಯೊಂದನ್ನೇ ನೋಡಿ ಅಗ್ಗವೆಂದೂ ದುಬಾರಿಯೆಂದೂ ತೀರ್ಮಾನಿಸಬಾರದು. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕಿದ ದೂರದ ಊರು, ಬಾಡಿಗೆಯ ಕೋಣೆ ಹಿಡಿಯಬೇಕಾದ ಹತ್ತಿರದ ಊರಿಗಿಂತ ಕಡಿಮೆಗೆ ಬೀಳಬಹುದು. ಎರಡು ವರ್ಷದ ಶುಲ್ಕ, ಊಟ, ವಸತಿ, ಪ್ರಯಾಣ, ಪುಸ್ತಕ ಇವೆಲ್ಲವನ್ನೂ ಗೃಹಿಣಿಯರು ಮನೆಯ ಲೆಕ್ಕ ಬರೆಯುವಂತೆ ಒಂದು ಹಾಳೆಯಲ್ಲಿ ಬರೆದು ಕೂಡಿಸಲಿ. ವಿದ್ಯಾರ್ಥಿವೇತನಗಳನ್ನು ಮತ್ತೊಂದು ಕಡೆ ಬರೆಯಲಿ. ರಾಜ್ಯ ಸರಕಾರದ ವೇತನಗಳಲ್ಲದೆ, ಯು.ಜಿ.ಸಿ.ಯವರು 2023ರಲ್ಲಿ ಆರಂಭಿಸಿದ ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನವೂ ಇದೆ. ಆಗ ಪ್ರಕಟಿಸಿದಂತೆ ಅದು ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು. ಬಿ.ಎ. ಅಂಕಗಳ ಮೇಲೆ ಕೊಡುವಂಥದು. ಅದರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಮೊದಲನೆಯ ದರ್ಜೆಯ ಹುಡುಗಿ ಅರ್ಜಿಯನ್ನೇ ಹಾಕದೆ ಬಿಡುವುದು ಸಲ್ಲದು. ಕ್ರಮವಾಗಿ ತರಗತಿಗೆ ಹೋಗಿ ಓದುವವರಿಗೆ ಮಾತ್ರ ಇದು ಸಲ್ಲುತ್ತದೆ.

ಮನೆಯನ್ನು ಬಿಟ್ಟು ಹೋಗಲಾರದವರಿಗೂ ಉದ್ಯೋಗದಲ್ಲಿರುವವರಿಗೂ ದೂರಶಿಕ್ಷಣವುಂಟು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು 1985ರಲ್ಲಿಯೂ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಲ್ಲಿಯೂ ಸ್ಥಾಪಿತವಾದವು. ಮೊದಲನೆಯದರ ಇತಿಹಾಸದ ಪಾಠಗಳು ಬಹು ಚೆನ್ನಾಗಿವೆ; ಇ-ಜ್ಞಾನಕೋಶವೆಂಬ ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿಯು ಕಾಲೇಜಿನ ಪದವಿಗೆ ಸಮವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಆ ಮಾನ್ಯತೆಯನ್ನು ಸೇರುವ ವರ್ಷದಲ್ಲಿಯೇ ಯು.ಜಿ.ಸಿ. ಪಟ್ಟಿಯಲ್ಲಿ ನೋಡಿಕೊಳ್ಳತಕ್ಕದ್ದು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯು 2012-13ಕ್ಕೇ ನಿಂತಿತೆಂದು 2015ರಲ್ಲಿ ಪ್ರಕಟಣೆ ಹೊರಟಾಗ ಅಲ್ಲಿ ಓದುತ್ತಿದ್ದವರು ಪಟ್ಟ ತಳಮಳವನ್ನು ಅನೇಕರು ಬಲ್ಲರು. ಮಾನ್ಯತೆಯು 2018ರಲ್ಲಿ ಮರಳಿ ಬಂದಿತು. ದೂರಶಿಕ್ಷಣದ ದೊಡ್ಡ ಕೊರತೆಯೆಂದರೆ ಬರೆದುದನ್ನು ತಿದ್ದುವ ಗುರುವು ಎದುರಿಗಿಲ್ಲದಿರುವುದು. ಮುಂದೆ ಸಂಶೋಧನೆ ಮಾಡುವ ಮನಸ್ಸುಳ್ಳ, ಮನೆಯಿಂದ ಹೊರಡಬಲ್ಲ ಹುಡುಗಿಗೆ ನಾವು ಇದನ್ನು ಹೇಳಲಾರೆವು.

ಸೇರುವ ಮುನ್ನ ತಂದೆಯೂ ಮಗಳೂ ಒಂದು ದಿನ ಇತಿಹಾಸ ವಿಭಾಗಕ್ಕೆ ಹೋಗಿ ಬರಲಿ. ಕಟ್ಟಡವನ್ನು ನೋಡಿ ಮರುಳಾಗಬೇಕಿಲ್ಲ. ಖಾಯಂ ಅಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ ಎಂದು ಕೇಳಬೇಕು. ಎಷ್ಟೋ ಹೆಸರಾಂತ ವಿಭಾಗಗಳಲ್ಲಿ ನಿವೃತ್ತರ ಸ್ಥಾನಗಳು ತುಂಬದೆ ಉಳಿದಿವೆ. ಹಳೆಯ ಕೀರ್ತಿ ಇಂದಿನ ಪಾಠವನ್ನು ಹೇಳಲಾರದು. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಯು ಸ್ವತಃ ಆಕರಗಳನ್ನು ಓದಿ ಪ್ರಬಂಧ ಬರೆಯಬೇಕೆ, ಅದನ್ನು ಯಾರು ತಿದ್ದುವರು ಎಂದು ಕೇಳಬೇಕು. ಬಳಿಕ ಗ್ರಂಥಭಂಡಾರಕ್ಕೆ ಹೋಗಿ, ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ತೋರಿಸಿರೆಂದು ಕೇಳಲಿ. ತೆಗೆದುಕೊಟ್ಟ ಸಂಪುಟದ ಮೇಲೆ ಧೂಳು ಎಷ್ಟಿದೆಯೆಂಬುದನ್ನು ನೋಡಿದರೆ ವಿವರಣಪತ್ರದಲ್ಲಿಲ್ಲದ ಸಂಗತಿಯೊಂದು ತಿಳಿಯುವುದು. ಕ್ಯಾಂಟೀನಿನಲ್ಲಿ ಕುಳಿತ ಎರಡನೆಯ ವರ್ಷದ ವಿದ್ಯಾರ್ಥಿಗಳು ಮಿಕ್ಕುದನ್ನು ಹೇಳುವರು.

ಬಂಧುಗಳ ಪ್ರಶ್ನೆಗೂ ಉತ್ತರ ಕೊಡಬೇಕಾಗಿದೆ. ಎಂ.ಎ. ಆದೊಡನೆ ಕೆಲಸವು ಕಾದಿರುವುದಿಲ್ಲ. ಇದನ್ನು ಮುಚ್ಚಿಡುವುದು ತರವಲ್ಲ. ಕಾಲೇಜಿನ ಅಧ್ಯಾಪಕರಾಗಲು ಎಂ.ಎ.ಯಲ್ಲಿ ಶೇಕಡ 55 ಅಂಕಗಳೂ, ನೆಟ್ ಇಲ್ಲವೆ ಕೆ-ಸೆಟ್ ಪರೀಕ್ಷೆಯ ತೇರ್ಗಡೆಯೂ ಬೇಕು. ಪರಿಶಿಷ್ಟರೇ ಮೊದಲಾದವರಿಗೆ ಅಂಕಗಳಲ್ಲಿ ರಿಯಾಯಿತಿಯುಂಟು. ಪತ್ರಾಗಾರ, ವಸ್ತುಸಂಗ್ರಹಾಲಯ, ಪುರಾತತ್ತ್ವ ಇಲಾಖೆ, ಆಡಳಿತ ಸೇವೆಯ ಪರೀಕ್ಷೆಗಳು, ಇವು ಉಳಿದ ದಾರಿಗಳು. ಯಾವ ದಾರಿಯೂ ಎರಡು ಮೂರು ವರ್ಷದ ಕಾಯುವಿಕೆಯನ್ನು ಬೇಡುತ್ತದೆ. ಸಾಲವಿಲ್ಲದೆ ಓದಿದ ಹುಡುಗಿ ಅಷ್ಟು ಕಾಲ ನಿಶ್ಚಿಂತೆಯಿಂದ ಕಾಯಬಲ್ಲಳು. ಹೊಲವು ಅಡವಿನಲ್ಲಿದ್ದರೆ ಮೊದಲು ಸಿಕ್ಕಿದ ಕೆಲಸಕ್ಕೆ ಸೇರಿ, ಕಲಿತುದನ್ನೆಲ್ಲ ಅಲ್ಲಿಗೇ ಬಿಡಬೇಕಾಗುವುದು.

ಪ್ರವೇಶಕ್ಕೆ ಮೊದಲು ಸಿಕ್ಕುವ ಬಿಡುವಿನ ವಾರಗಳಲ್ಲಿ ಅವಳು ತಮ್ಮ ತಾಲ್ಲೂಕಿನ ಶಾಸನವೊಂದರ ಅಚ್ಚಾದ ಪಾಠವನ್ನು ಹುಡುಕಿ, ಕಲ್ಲಿನ ಮುಂದೆ ನಿಂತು ಓದಿ ನೋಡಲಿ. ಹಾವೇರಿ ಜಿಲ್ಲೆಯಲ್ಲಿ ಶಾಸನಗಳಿಗೆ ಬರವಿಲ್ಲ.