ಹೊನಿನ್‌ಬೋ ಪದವಿ ಮತ್ತು ಆಲೋಚನೆಯ ಅವಧಿ

ಅಡ್ಡಕ್ಕೂ ಉದ್ದಕ್ಕೂ ಹತ್ತೊಂಬತ್ತು ಗೆರೆಗಳೆಳೆದ ಮಣೆಯ ಮೇಲೆ ಕರಿಬಿಳಿ ಹರಳುಗಳನ್ನಿಟ್ಟು ಆಡುವ ಗೋ ಆಟದಲ್ಲಿ ಹೊನಿನ್‌ಬೋ ಎಂಬ ಹೆಸರಿಗೆ ಜಪಾನೀಯರು ಸಲ್ಲಿಸುವ ಗೌರವ ಅಸಾಧಾರಣವಾದುದು. ಶತಮಾನಗಳ ಕಾಲ ಒಂದೇ ಮನೆತನದ ಪರಂಪರೆಯಲ್ಲಿ ಇಳಿದುಬಂದ ಈ ಹೆಸರನ್ನು ಕೊನೆಯ ಉತ್ತರಾಧಿಕಾರಿ ಶೂಸಾಯ್ ಅವರು ನಿಹೋನ್ ಕಿಇನ್ ಸಂಸ್ಥೆಗೆ ಬಿಟ್ಟುಕೊಟ್ಟರು. 1941ರಲ್ಲಿ ಸೆಕಿಯಾಮ ರಿಯಿಚಿ ಅವರು ಸ್ಪರ್ಧೆಯಲ್ಲಿ ಗೆದ್ದು ಅದನ್ನು ಪಡೆದವರಲ್ಲಿ ಮೊದಲಿಗರಾದರು. ಮನೆತನದ ಸ್ವತ್ತು ಯೋಗ್ಯತೆಗೆ ದೊರೆತುದನ್ನು ಯಾರು ತಾನೇ ಹಳಿದಾರು? ಹಳಿಯಬೇಕಾದುದು ಅನಂತರದ ಒಂದು ಮಾರ್ಪಾಡನ್ನು.

1938ರಲ್ಲಿ ಕಿತಾನಿ ಮಿನೋರು ಅವರೊಡನೆ ಶೂಸಾಯ್ ಆಡಿದ ವಿದಾಯದ ಪಂದ್ಯದಲ್ಲಿ ಒಬ್ಬೊಬ್ಬರಿಗೂ ಆಲೋಚಿಸಲು 40 ಗಂಟೆಗಳಿದ್ದವು. ನಡುವೆ ವೃದ್ಧ ಗುರುಗಳು ಆಸ್ಪತ್ರೆ ಸೇರಿದುದರಿಂದ ಜೂನ್‌ನಲ್ಲಿ ತೊಡಗಿದ ಆಟ ಮುಗಿದುದು ಡಿಸೆಂಬರಿನಲ್ಲಿ. ಅವರು 5 ಅಂಕಗಳಿಂದ ಸೋತರು. ಇದು ಅತಿಯಾಯಿತೆಂದರೆ ಒಪ್ಪೋಣ. ಆದರೆ 2023ರವರೆಗೂ ಎರಡು ದಿನ, ತಲಾ 8 ಗಂಟೆ, ಏಳು ಪಂದ್ಯಗಳ ಸರಣಿ ಎಂಬ ಹದ ಉಳಿದಿತ್ತು. 2024ರಲ್ಲಿ ಅದು ಒಂದೇ ದಿನ, ತಲಾ 3 ಗಂಟೆ, ಐದು ಪಂದ್ಯಗಳಿಗೆ ಇಳಿಯಿತು. ಬಹುಮಾನವೂ 2 ಕೋಟಿ 80 ಲಕ್ಷ ಯೆನ್‌ನಿಂದ 85 ಲಕ್ಷಕ್ಕೆ ಕುಗ್ಗಿತು. ಹಣದ ಮಾತು ಬಿಡಿ, ಪತ್ರಿಕೆಗಳ ಆದಾಯ ಎಲ್ಲೆಡೆಯೂ ಕ್ಷೀಣಿಸಿದೆ. ಆಲೋಚನೆಯ ಅವಧಿಯನ್ನು ಕತ್ತರಿಸಿದುದು ಮಾತ್ರ ಸಮರ್ಥನೀಯವಲ್ಲ.

ಮೊದಲ ದಿನದ ಸಂಜೆ ಸರದಿಯ ಆಟಗಾರನು ಮುಂದಿನ ನಡೆಯನ್ನು ಕಾಗದದಲ್ಲಿ ಗುರುತಿಸಿ, ಲಕೋಟೆಯಲ್ಲಿಟ್ಟು ಮುದ್ರಿಸುತ್ತಿದ್ದನು. ಅದೇನೆಂದು ತಿಳಿಯದೆ ಎದುರಾಳಿ ಇರುಳು ಕಳೆಯಬೇಕಾಗಿತ್ತು. ಒಂದೇ ದಿನದ ಆಟಕ್ಕೆ ಆ ಲಕೋಟೆ ಬೇಕಾಗಿಲ್ಲ.