ಕಚ್ಚಿದ್ದು ಯಾವ ಹುಳ?

ಕಂಪ್ಲಿ ಸೀಮೆಯಲ್ಲಿ ಭತ್ತದ ಗದ್ದೆಗೂ ಮಲಗುವ ಮನೆಗೂ ಹೆಚ್ಚು ದೂರವಿಲ್ಲ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ನೀರಾವರಿ ಇನ್ನಷ್ಟು ಹಬ್ಬಿತು. ನೀರು ಸಿಕ್ಕ ವರ್ಷ ಎರಡು ಬೆಳೆ. ಭತ್ತ, ಕಬ್ಬು, ಬಾಳೆ ಎಲ್ಲವೂ ಉಂಟು. ಬೆಳೆಯ ಜೊತೆಗೆ ಹುಳಹುಪ್ಪಟೆಯೂ ಉಂಟು. ಸಂಜೆ ದೀಪ ಹಾಕಿದರೆ ಸಾಕು, ಗೋಡೆ ತುಂಬ ಹುಳಗಳ ಸಂತೆ. ಬೆಳಗಾಗುವಷ್ಟರಲ್ಲಿ ಮನೆಯಲ್ಲಿ ಯಾರಾದರೊಬ್ಬರು ಮೈ ಕೆರೆದುಕೊಳ್ಳುತ್ತಿರುತ್ತಾರೆ.

‘ಏನೋ ಹುಳ ಕಚ್ಚಿರಬೇಕು’ ಎಂದು ಸುಣ್ಣವನ್ನೋ ಹೊಗೆಸೊಪ್ಪಿನ ರಸವನ್ನೋ ಹಚ್ಚಿ ಸುಮ್ಮನಾಗುವವರೇ ಹೆಚ್ಚು. ಬಹಳ ಸಲ ಅದರಿಂದ ಅಂಥ ಅಪಾಯವೇನೂ ಆಗುವುದಿಲ್ಲ. ಆದರೆ ಕೆಲವು ಸಲ ಸುಲಭವಾಗಿ ಮಾಯಬೇಕಾದ ಗಾಯ ಹುಣ್ಣಾಗುತ್ತದೆ. ಇನ್ನು ಕೆಲವು ಸಲ ಹುಳದ ಕಡಿತವೇ ಅಲ್ಲದ ರೋಗವನ್ನು ಹುಳದ ಕಡಿತ ಎಂದುಕೊಂಡು ಬೆಲೆಯುಳ್ಳ ದಿನಗಳನ್ನು ಕಳೆಯುತ್ತೇವೆ. ಆದ್ದರಿಂದ ಔಷಧದ ಡಬ್ಬಿಗೆ ಕೈ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಗುಳ್ಳೆ ಮೈಯ ಯಾವ ಭಾಗದಲ್ಲಿದೆ? ಯಾವ ಹೊತ್ತಿನಲ್ಲಿ ಎದ್ದಿತು? ಯಾವ ಆಕಾರದಲ್ಲಿದೆ?

ತುರಿಕೆ ಯಾಕೆ?

ಸೊಳ್ಳೆ, ತಿಗಣೆ, ಚಿಗಟಗಳು ರಕ್ತ ಹೀರುವಾಗ ತಮ್ಮ ಜೊಲ್ಲನ್ನು ನಮ್ಮ ಚರ್ಮದೊಳಗೆ ಬಿಡುತ್ತವೆ. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಈ ಜೊಲ್ಲಿನ ಕೆಲಸ. ಹೊರಗಿನ ಈ ವಸ್ತುವನ್ನು ಕಂಡ ಶರೀರ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಊತ, ಕೆಂಪು, ತುರಿಕೆ ಎಲ್ಲವೂ ಇದರ ಫಲ. ಎಂದರೆ ತುರಿಕೆ ಹುಳದ ಕೊಡುಗೆಗಿಂತ ಹೆಚ್ಚಾಗಿ ನಮ್ಮ ಶರೀರದ ಪ್ರತಿಭಟನೆ. ಒಂದೇ ಚಾಪೆಯ ಮೇಲೆ ಮಲಗಿದ ಇಬ್ಬರಲ್ಲಿ ಒಬ್ಬರ ಮೈ ತುಂಬ ಗುಳ್ಳೆಯೆದ್ದು, ಇನ್ನೊಬ್ಬರಿಗೆ ಏನೂ ಆಗದಿರುವುದು ಈ ಕಾರಣದಿಂದಲೇ. ಚಿಕ್ಕ ಮಕ್ಕಳಲ್ಲಿ ಪ್ರತಿಭಟನೆ ಜೋರು. ಬೆಳೆದಂತೆ ಸಾಮಾನ್ಯವಾಗಿ ತಗ್ಗುತ್ತದೆ.

ಗುರುತು ಹಿಡಿಯುವ ಬಗೆ

ಸೊಳ್ಳೆ ಕಚ್ಚಿದ ಗುಳ್ಳೆಗಳು ಬಟ್ಟೆ ಮುಚ್ಚದ ಕಡೆ, ಅಲ್ಲೊಂದು ಇಲ್ಲೊಂದು ಏಳುತ್ತವೆ. ಕೆಲವೇ ನಿಮಿಷಗಳಲ್ಲಿ ತುರಿಕೆ ಶುರುವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ.

ನಮ್ಮ ಕಡೆ ತಗಣಿ ಎನ್ನುವ ತಿಗಣೆಯದು ಬೇರೆ ರೀತಿ. ರಾತ್ರಿ ಕಚ್ಚುತ್ತದೆ, ಬೆಳಿಗ್ಗೆ ಗೊತ್ತಾಗುತ್ತದೆ. ಮೂರು ನಾಲ್ಕು ಗುಳ್ಳೆಗಳು ಒಂದೇ ಸಾಲಿನಲ್ಲಿ ಅಥವಾ ಗುಂಪಾಗಿರುವುದು ಇದರ ಗುರುತು. ಮಂಚದ ಸಂದು, ಹಾಸಿಗೆಯ ಹೊಲಿಗೆಯ ಬಳಿ ಕಪ್ಪು ಚುಕ್ಕೆಗಳೋ ರಕ್ತದ ಕಲೆಯೋ ಕಂಡರೆ ಅನುಮಾನ ಬೇಡ. ಜಾತ್ರೆ, ಪ್ರವಾಸ ಮುಗಿಸಿ ಬಂದಾಗ ಚೀಲದ ಜೊತೆಗೆ ಇದೂ ಮನೆಗೆ ಬರುವುದುಂಟು.

ಚಿಗಟ ನೆಲದಿಂದ ಜಿಗಿಯುವ ಹುಳ. ಹಾಗಾಗಿ ಪಾದ, ಹರಡು, ಮೊಣಕಾಲಿನ ಕೆಳಗೇ ಹೆಚ್ಚು ಕಚ್ಚುತ್ತದೆ. ಗುಳ್ಳೆಯ ನಡುವೆ ಚಿಕ್ಕದೊಂದು ಚುಕ್ಕೆ ಇರುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಮೊದಲು ಅವುಗಳ ಮೈ ನೋಡಬೇಕು.

ಕೆಂಪಿರುವೆ ಕಚ್ಚಿದಾಗ ಮೊದಲು ಉರಿ, ಆಮೇಲೆ ತುರಿಕೆ. ಕೆಲವು ಜಾತಿಯವು ಕುಟುಕಿದರೆ ಮರುದಿನ ಕೀವು ತುಂಬಿದಂಥ ಸಣ್ಣ ಗುಳ್ಳೆ ಏಳುತ್ತದೆ. ಅದನ್ನು ಒಡೆಯಬಾರದು. ಜೇನುಹುಳ ಕುಟುಕಿದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ. ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಕಣಜದ ಹುಳ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ. ಚೇಳಿನದು ತುರಿಕೆಯ ಮಾತೇ ಅಲ್ಲ, ತಡೆಯಲಾರದ ನೋವು. ಮಕ್ಕಳಿಗೆ ಚೇಳು ಕುಟುಕಿ ಬೆವರು, ವಾಂತಿ ಕಂಡರೆ ಮಂತ್ರ ತಂತ್ರ ಎನ್ನದೆ ನೇರ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಕಜ್ಜಿ. ಇದನ್ನು ಹುಳದ ಕಡಿತ ಎಂದು ತಪ್ಪು ತಿಳಿಯುವವರು ಬಹಳ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯೊಂದು ಚರ್ಮದಲ್ಲಿ ಬಿಲ ತೋಡಿ ಮೊಟ್ಟೆ ಇಡುವುದರಿಂದ ಬರುವ ರೋಗ ಇದು. ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ, ತೊಡೆಸಂದಿನಲ್ಲಿ ತುರಿಕೆ. ರಾತ್ರಿ ಹಾಸಿಗೆಗೆ ಬಿದ್ದೊಡನೆ ಜಾಸ್ತಿ. ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರಿಗೆ. ಈ ಮೂರೂ ಕೂಡಿದ್ದರೆ ಅದು ಕಜ್ಜಿಯೇ ಎಂದು ತಿಳಿದು ವೈದ್ಯರನ್ನು ಕಾಣಿ. ಸಾಮಾನ್ಯವಾಗಿ ಶೇ. 5ರ ಪರ್ಮೆಥ್ರಿನ್ ಲೇಪವನ್ನು ಕುತ್ತಿಗೆಯಿಂದ ಪಾದದವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಲು ಹೇಳುತ್ತಾರೆ. ವಾರದ ಬಳಿಕ ಮತ್ತೊಮ್ಮೆ ಹಚ್ಚಬೇಕು. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ರೋಗ ಮನೆಯೊಳಗೇ ಸುತ್ತು ಹೊಡೆಯುತ್ತದೆ. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು. ಔಷಧ ಕೆಲಸ ಮಾಡಲಿಲ್ಲವೆಂದು ಪದೇ ಪದೇ ಹಚ್ಚಬಾರದು.

ಕಚ್ಚದೆ ಸುಡುವ ಹುಳ

ಗದ್ದೆ ಸೀಮೆಯವರು ಮುಖ್ಯವಾಗಿ ತಿಳಿದಿರಬೇಕಾದ ಹುಳವೊಂದಿದೆ. ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ. ನೋಡಲು ಇರುವೆಯಂತಿದೆ. ತಲೆ ಕಪ್ಪು, ಎದೆ ಕಿತ್ತಳೆ ಕೆಂಪು, ನಡುವೆ ನೀಲಿಗಪ್ಪು ಪಟ್ಟೆ, ಆಮೇಲೆ ಮತ್ತೆ ಕೆಂಪು, ಬಾಲದ ತುದಿ ಕಪ್ಪು. ಓಡುವಾಗ ಬಾಲ ಎತ್ತಿಕೊಂಡು ಓಡುತ್ತದೆ. ವಿಜ್ಞಾನಿಗಳು ಇದನ್ನು ಪೀಡೆರಸ್ ಎನ್ನುತ್ತಾರೆ. ಪತ್ರಿಕೆಗಳಲ್ಲಿ ‘ನೈರೋಬಿ ನೊಣ’ ಎಂಬ ಹೆಸರು ಕಂಡಿರಬಹುದು. ಆದರೆ ಇದು ನೊಣವಲ್ಲ, ಜೀರುಂಡೆಯ ಜಾತಿಗೆ ಸೇರಿದ್ದು. ಇದರ ಬಳಗ ನಮ್ಮ ಭತ್ತದ ಗದ್ದೆಗಳಲ್ಲೂ ಇದೆ.

ಈ ಹುಳ ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮಳೆಯ ನಂತರ ಮತ್ತು ಕೊಯ್ಲಿನ ಹೊತ್ತಿಗೆ ದೀಪದ ಬೆಳಕಿಗೆ ಬಂದು ಮೈಮೇಲೆ ಕೂರುತ್ತದೆ. ನಾವು ಸೊಳ್ಳೆ ಎಂದುಕೊಂಡು ಪಟ್ಟನೆ ಹೊಡೆದು ಉಜ್ಜುತ್ತೇವೆ. ಅದರ ಮೈಯ ದ್ರವದಲ್ಲಿ ಪೆಡೆರಿನ್ ಎಂಬ ವಿಷವಿದೆ. ಉಜ್ಜಿದಷ್ಟು ದೂರ ವಿಷ ಹರಡುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಹನ್ನೆರಡು ಗಂಟೆಯಿಂದ ಎರಡು ದಿನದೊಳಗೆ ಅಲ್ಲಿ ಉರಿಯುವ ಕೆಂಪು ಗೆರೆ ಎದ್ದು, ಅದರ ಮೇಲೆ ನೀರ್ಗುಳ್ಳೆ, ಕೀವುಗುಳ್ಳೆಗಳಾಗುತ್ತವೆ. ಚಾಟಿಯಲ್ಲಿ ಹೊಡೆದಂತಿರುವ ಈ ಗೆರೆಯೇ ಗುರುತು. ಮೊಣಕೈ ಮಡಿಕೆಯಂಥ ಕಡೆ ಆಗಿದ್ದರೆ ಎದುರುಬದುರು ಚರ್ಮದ ಮೇಲೆ ಒಂದೇ ಆಕಾರದ ಎರಡು ಗಾಯ ಕಾಣುತ್ತವೆ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಕಣ್ಣು ಕೆಂಪಾಗಿ ಊದಿಕೊಳ್ಳುತ್ತದೆ.

ಉದ್ದನೆಯ ಕೆಂಪು ಗೆರೆ, ಮೇಲೆ ಗುಳ್ಳೆ, ಸಾಲದ್ದಕ್ಕೆ ಉರಿ. ಕಂಡವರು ‘ಸರ್ಪಸುತ್ತು’ ಎಂದುಬಿಡುತ್ತಾರೆ. ಕೆಮ್ಮಣ್ಣು ಬಳಿಸುವುದು, ಮಂತ್ರ ಹಾಕಿಸುವುದು ನಡೆಯುತ್ತದೆ. ಹುಳದ ಗಾಯ ಒಂದೆರಡು ವಾರದಲ್ಲಿ ತಾನಾಗಿಯೇ ಮಾಯುವುದರಿಂದ ಕೀರ್ತಿ ಮಂತ್ರಕ್ಕೆ ಸಲ್ಲುತ್ತದೆ. ತೊಂದರೆ ಇರುವುದು ಇಲ್ಲೇ. ನಿಜವಾದ ಸರ್ಪಸುತ್ತು ಬಂದಾಗಲೂ ಜನ ಅದೇ ಹಾದಿ ಹಿಡಿಯುತ್ತಾರೆ.

ನಿಜವಾದ ಸರ್ಪಸುತ್ತಿಗೂ ಹಾವಿಗೂ ಸಂಬಂಧವಿಲ್ಲ. ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ಅಡಗಿದ್ದು, ಶಕ್ತಿ ಕುಂದಿದಾಗ ಮತ್ತೆ ಏಳುವುದೇ ಈ ರೋಗ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಆ ಭಾಗದಲ್ಲಿ ನೋವು, ಚುಚ್ಚು, ಉರಿ ಇರುತ್ತದೆ. ಗುಳ್ಳೆಗಳು ಗೊಂಚಲುಗೊಂಚಲಾಗಿ ಮೈಯ ಒಂದೇ ಪಕ್ಕದಲ್ಲಿ, ನರದ ಜಾಡಿನಲ್ಲಿ ಏಳುತ್ತವೆ. ನಡುಗೆರೆಯನ್ನು ಸಾಮಾನ್ಯವಾಗಿ ದಾಟುವುದಿಲ್ಲ. ‘ಎರಡೂ ತುದಿ ಕೂಡಿದರೆ ಜೀವ ಹೋಗುತ್ತದೆ’ ಎಂಬುದು ಬರಿಯ ಹೆದರಿಕೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೋವಿರ್‌ನಂಥ ಮಾತ್ರೆ ಆರಂಭಿಸಿದರೆ ಗುಣ ಹೆಚ್ಚು. ಹಣೆ, ಮೂಗಿನ ತುದಿ, ಕಣ್ಣಿನ ಸುತ್ತ ಎದ್ದ ಸರ್ಪಸುತ್ತು ದೃಷ್ಟಿಯನ್ನೇ ಕೆಡಿಸಬಹುದು. ಆದ್ದರಿಂದ ನೋವು ಮೊದಲು, ಗುಳ್ಳೆ ಆಮೇಲೆ, ಅದೂ ಒಂದೇ ಪಕ್ಕ ಎಂದಾದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು.

ಪೀಡೆರಸ್ ಹುಳ ಮೈಮೇಲೆ ಕೂತರೆ ಹೊಡೆಯದೆ ಊದಿ ಹಾರಿಸಿ, ಇಲ್ಲವೇ ಕಾಗದದ ಚೂರಿನಿಂದ ಸರಿಸಿ. ಅಕಸ್ಮಾತ್ ಜಜ್ಜಿದ್ದರೆ ಕೂಡಲೇ ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ಮಲಗುವ ಮುನ್ನ ಹಾಸಿಗೆ ಕೊಡವಿ. ತಲೆಯ ಮೇಲಿನ ದೀಪ ಆರಿಸಿ. ಗದ್ದೆಗೇ ಔಷಧ ಹೊಡೆದು ಇದನ್ನು ನಿರ್ಮೂಲ ಮಾಡಲು ಹೊರಡಬೇಡಿ. ಭತ್ತಕ್ಕೆ ಶತ್ರುವಾದ ಕಂದು ಜಿಗಿಹುಳುವನ್ನು ತಿಂದು ಬದುಕುವ ರೈತಮಿತ್ರ ಇದು. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟಂತಾದೀತು.

ತುರಿಕೆ ತಗ್ಗಿಸಲು

ಮೊದಲ ಔಷಧ ಸೋಪು ಮತ್ತು ತಣ್ಣೀರು. ಬಳಿಕ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಮುಕ್ಕಾಲು ತುರಿಕೆ ಇಷ್ಟಕ್ಕೇ ಇಳಿಯುತ್ತದೆ. ಆಮೇಲೆ ಕ್ಯಾಲಮೈನ್ ಲೋಷನ್ ಹಚ್ಚಬಹುದು. ಒಡೆದ ಚರ್ಮಕ್ಕೆ ಬೇಡ. ಮೈತುಂಬ ತುರಿಕೆ ಇದ್ದರೆ ದೊಡ್ಡವರು ಸೆಟ್ರಿಜಿನ್ 10 ಮಿಲಿಗ್ರಾಂ ಮಾತ್ರೆಯನ್ನು ರಾತ್ರಿ ಒಂದು ತೆಗೆದುಕೊಳ್ಳಬಹುದು. ನಿದ್ದೆ ತರಿಸಬಲ್ಲದು, ನುಂಗಿ ಟ್ರ್ಯಾಕ್ಟರ್, ಬೈಕು ಓಡಿಸಬೇಡಿ. ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಅಂಗಡಿಯಲ್ಲಿ ‘ಎಲ್ಲ ತುರಿಕೆಗೂ ಒಂದೇ’ ಎಂದು ಕೊಡುವ, ಮೂರು ನಾಲ್ಕು ಔಷಧ ಬೆರೆಸಿದ ಮುಲಾಮಿನ ಬಗ್ಗೆ ಎಚ್ಚರ. ಅದರಲ್ಲಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ಹಿತವೆನಿಸಿ, ಹುಳುಕಡ್ಡಿಯಿದ್ದರೆ ಹಬ್ಬಿಸಿ, ಚರ್ಮವನ್ನು ತೆಳುವಾಗಿಸಿಬಿಡುತ್ತದೆ. ಸುಣ್ಣ, ಸೀಮೆಎಣ್ಣೆ, ಟೂತ್‌ಪೇಸ್ಟ್, ಹೊಗೆಸೊಪ್ಪು ಯಾವುದೂ ಬೇಡ. ಪೀಡೆರಸ್ ಗಾಯಕ್ಕೆ ಸುಣ್ಣ ಹಚ್ಚುವುದೆಂದರೆ ಸುಟ್ಟದ್ದನ್ನು ಮತ್ತೆ ಸುಟ್ಟಂತೆ.

ಮಕ್ಕಳ ಉಗುರು ಕತ್ತರಿಸುವುದೂ ಒಂದು ಚಿಕಿತ್ಸೆ. ಕೆರೆದ ಗಾಯಕ್ಕೆ ರೋಗಾಣು ಸೇರಿ ಕೀವಾಗುತ್ತದೆ. ಇಂಥ ಗಾಯದಲ್ಲಿ ಸೇರುವ ಕೆಲವು ರೋಗಾಣುಗಳಿಂದ ಕೆಲವು ವಾರಗಳ ನಂತರ ಮಕ್ಕಳ ಮೂತ್ರಪಿಂಡ ಊದಿಕೊಳ್ಳುವುದುಂಟು. ಮೈ ತುಂಬ ಗಾಯವಾಗಿದ್ದ ಮಗುವಿನ ಮುಖ ಬೆಳಿಗ್ಗೆ ಊದಿಕೊಂಡಿದ್ದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡಬೇಡಿ.

ಕಡಿತಕ್ಕಿಂತ ಜ್ವರ ಮುಖ್ಯ

ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳು ಹಂದಿ, ಕೊಕ್ಕರೆಗಳಲ್ಲಿರುವ ಮಿದುಳು ಜ್ವರದ ವೈರಸ್ಸನ್ನು ಮಕ್ಕಳಿಗೆ ದಾಟಿಸುತ್ತವೆ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಈ ಜ್ವರಕ್ಕೆ ದೇಶದಲ್ಲಿ 2006ರಲ್ಲಿ ಸಾಮೂಹಿಕ ಲಸಿಕೆ ಆರಂಭವಾದಾಗ ಮೊದಲ ಹಂತದಲ್ಲೇ ಬಳ್ಳಾರಿ ಜಿಲ್ಲೆ ಸೇರಿತ್ತು. ಈ ಸೀಮೆಗೆ ಅದು ಎಷ್ಟು ಹತ್ತಿರದ ಅಪಾಯ ಎಂಬುದಕ್ಕೆ ಇಷ್ಟು ಸಾಕು. ಮಕ್ಕಳಿಗೆ ಈ ಲಸಿಕೆ ಹಾಕಿಸಿರುವುದನ್ನು ತಾಯಿ ಕಾರ್ಡಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಡೆಂಗೆ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು. ಅದು ಮನೆಯ ತೊಟ್ಟಿ, ಡ್ರಮ್ಮು, ಟೈರಿನ ನೀರಿನಲ್ಲೇ ಹುಟ್ಟುತ್ತದೆ.

ಹುಲ್ಲು, ಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿದರೆ ತೋರಿಸಿಕೊಡದೆ ಹೋಗಬಹುದು. ಕಂಕುಳು, ತೊಡೆಸಂದಿನಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ, ನೋವಿಲ್ಲ, ಜೊತೆಗೆ ಬಿಡದ ಜ್ವರ ಎಂದಾದರೆ ಸ್ಕ್ರಬ್ ಟೈಫಸ್ ಇರಬಹುದು. ಸರಿಯಾದ ಮಾತ್ರೆ ಬೇಗ ಸಿಕ್ಕರೆ ಬೇಗ ಗುಣವಾಗುವ, ತಡವಾದರೆ ಪ್ರಾಣಕ್ಕೆ ಬರುವ ರೋಗ ಅದು. ಹಕ್ಕಳೆಯನ್ನು ನಾಚದೆ ವೈದ್ಯರಿಗೆ ತೋರಿಸಬೇಕು.

ಹುಳ ಕಚ್ಚಿದ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಗೆ, ಕಣ್ಣಿನ ರೆಪ್ಪೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಮನೆಮದ್ದಿಗೆ ಸಮಯವಿಲ್ಲ. ಹೆಜ್ಜೇನು ಮುತ್ತಿದಾಗಲೂ ಅಷ್ಟೇ. ಹತ್ತಿರದ ಆಸ್ಪತ್ರೆಯಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವುದು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.

ಉಳಿದಂತೆ ಹುಳದ ಜೊತೆಗೇ ಬಾಳಬೇಕಾದ ಊರು ನಮ್ಮದು. ಸೊಳ್ಳೆಪರದೆ, ಮೈತುಂಬ ಬಟ್ಟೆ, ಸೋಪು, ತಣ್ಣೀರು, ಕತ್ತರಿಸಿದ ಉಗುರು ಇಷ್ಟಿದ್ದರೆ ಮುಕ್ಕಾಲು ಪಾಲು ಕಡಿತಗಳಿಗೆ ವೈದ್ಯರು ಬೇಕಾಗುವುದಿಲ್ಲ. ಉಳಿದ ಕಾಲು ಪಾಲಿಗೆ ಮಾತ್ರ ವೈದ್ಯರೇ ಬೇಕು, ಅದೂ ಮೊದಲ ದಿನವೇ.